ಹಂಗಾಮಿನ ಅಕ್ಷರ

ನನಗೊಂದು ಚಟವಿದೆ. ಬಸ್ಸಿನ ಕಿಟಕಿ ಪಕ್ಕ ಕೂತರೆ ದಾರಿಯುದ್ದಕ್ಕೂ ಕಾಣುವ ಬೋರ್ಡುಗಳನ್ನೆಲ್ಲ ಓದುತ್ತೇನೆ. ಮನಸ್ಸಿನಲ್ಲಿ ಓದಿಕೊಂಡರೆ ಯಾರ ತಕರಾರೂ ಇರುತ್ತಿರಲಿಲ್ಲ. ಆದರೆ ನನ್ನ ತುಟಿಗಳು ಅಲ್ಲಾಡುತ್ತವೆ, ಒಮ್ಮೊಮ್ಮೆ ದನಿಯೂ ಹೊರಬೀಳುತ್ತದೆ. ದಿಗ್ಗೇವಾಡಿಯಿಂದ ಚಿಕ್ಕೋಡಿಗೆ ದಿನಾ ಹೋಗಿಬರುವವನು ನಾನು. ಅದೇ ದಾರಿ, ಅದೇ ಬೋರ್ಡು. ಗೊಬ್ಬರದ ಅಂಗಡಿ, ಹಲ್ಲಿನ ದವಾಖಾನೆ, ಇಲ್ಲಿ ಮೋಟಾರು ರಿಪೇರಿ ಮಾಡಿಕೊಡಲಾಗುವುದು. ಒಮ್ಮೆ ಪಕ್ಕದ ಸೀಟಿನ ಹಿರಿಯರೊಬ್ಬರು ನನ್ನನ್ನು ಬಹಳ ಹೊತ್ತು ನೋಡಿ, "ಜಪಾ ಮಾಡಾಕತ್ತೀರೇನ್ರಿ?" ಎಂದು ಕೇಳಿ ಕೈಮುಗಿದರು. ನಾನೂ ಕೈಮುಗಿದೆ. ಆಗ ನಾನು ಓದುತ್ತಿದ್ದದ್ದು ಕೋಳಿ ಫಾರ್ಮಿನ ಬೋರ್ಡು. ನಮ್ಮದು ಜೈನರ ಮನೆತನ ಎಂದು ಅವರಿಗೆ ಹೇಳಲಿಲ್ಲ.

ನನ್ನ ಹೆಂಡತಿ ಈ ಚಟಕ್ಕೆ ಬೇಸತ್ತು ಬಸ್ಸಿನಲ್ಲಿ ಬೇರೆ ಸೀಟು ಹಿಡಿಯುತ್ತಾಳೆ. ಅವಳದು ತಪ್ಪು ಅನ್ನಲಾರೆ. ಈ ಚಟ ನನಗೆ ಹಚ್ಚಿದವರು ನಮ್ಮ ವೈನಿ, ನನ್ನ ಅಣ್ಣನ ಹೆಂಡತಿ. ಅವರು ಮದುವೆಯಾಗಿ ನಮ್ಮ ಮನೆಗೆ ಬಂದಾಗ ನನಗೆ ಒಂಬತ್ತು ವರ್ಷ. ಬಂದ ಮರುದಿನ ಅವರು ನನ್ನನ್ನು "ಭಾವಜಿ" ಎಂದು ಕರೆದರು. ಮೈದುನ ಎಷ್ಟೇ ಸಣ್ಣವನಿದ್ದರೂ ಅವರ ತವರಿನ ಕಡೆ ಹಾಗೇ ಕರೆಯುವುದಂತೆ. ಚಡ್ಡಿಯ ಗುಂಡಿ ಹರಿದುಕೊಂಡು ಓಡಾಡುತ್ತಿದ್ದ ನನಗೆ ಒಮ್ಮೆಲೇ ಮೀಸೆ ಬಂದಂತಾಗಿ, ಆ ದಿನ ಪೂರ್ತಿ ಅಂಗಳದಲ್ಲಿ ಕೈ ಹಿಂದೆ ಕಟ್ಟಿಕೊಂಡು ತಿರುಗಾಡಿದೆ.

ಭಾವಜಿಗೆ ಓದಲು ಬರುತ್ತಿರಲಿಲ್ಲ. ಇದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ನನಗೆ ಕಿವಿ ಚುರುಕು. ಪಕ್ಕದ ಹುಡುಗ ಓದುವುದನ್ನು ಎರಡು ಸಲ ಕೇಳಿದರೆ ಪಾಠ ಪೂರ್ತಿ ಬಾಯಿಗೆ ಬರುತ್ತಿತ್ತು. ಮಾಸ್ತರು ನಿಲ್ಲಿಸಿದರೆ ಪುಸ್ತಕ ಹಿಡಿದು ಬೆರಳಾಡಿಸುತ್ತ ಗಡಗಡ ಹೇಳಿಬಿಡುತ್ತಿದ್ದೆ. ಒಮ್ಮೆ ಮಾತ್ರ ಬಾಯಲ್ಲಿ ಪಾಠ ಮುಗಿದರೂ ಬೆರಳು ಇನ್ನೂ ಮೂರನೇ ಸಾಲಿನಲ್ಲೇ ಇತ್ತು. ಮಾಸ್ತರು ಕಿವಿ ಹಿಂಡಿದರು, ಆದರೆ ಯಾಕೆ ಹೀಗಾಯಿತೆಂದು ಕೇಳಲಿಲ್ಲ.

ಇನ್ನು ವೈನಿಯ ಕತೆ. ಅವರದು ನಿಪ್ಪಾಣಿ. ಏಳನೇ ಇಯತ್ತೆಯವರೆಗೆ ಮರಾಠಿ ಶಾಲೆಯಲ್ಲಿ ಕಲಿತವರು, ವರ್ಗದಲ್ಲಿ ಮೊದಲಿಗರು. ಕನ್ನಡ ಮಾತು ಅಲ್ಪಸ್ವಲ್ಪ ಬರುತ್ತಿತ್ತು, ಅಕ್ಷರ ಒಂದೂ ಬರುತ್ತಿರಲಿಲ್ಲ. ನಮ್ಮ ಸೀಮೆಯಲ್ಲಿ ಇದೇನು ದೊಡ್ಡ ಮಾತಲ್ಲ. ನಮ್ಮ ಮನೆಯಲ್ಲೇ ಬೈಗುಳ ಕನ್ನಡದಲ್ಲಿ, ಲೆಕ್ಕ ಮರಾಠಿಯಲ್ಲಿ. ಒಂದೇ ವಾಕ್ಯದಲ್ಲಿ ಎರಡೂ ಭಾಷೆ ಒತ್ತಿಕೊಂಡು ಕೂತಿರುತ್ತವೆ, ಯಾವುದೂ ಇನ್ನೊಂದಕ್ಕೆ ಎದ್ದು ಹೋಗು ಅನ್ನುವುದಿಲ್ಲ. ಆದ್ದರಿಂದ ವೈನಿಗೆ ಅಕ್ಷರ ಬಾರದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ಬಂದದ್ದು ಮೆಂತೆ ಪಲ್ಯದ ದಿನ.

ಅಷ್ಟಮಿ ಚತುರ್ದಶಿಗಳಲ್ಲಿ ನಾವು ಜೈನರು ಹಸಿರು ಪಲ್ಯ ತಿನ್ನುವುದಿಲ್ಲ. ಅಡುಗೆಮನೆಯ ಗೋಡೆಗೆ ಕನ್ನಡ ಪಂಚಾಂಗದ ಕ್ಯಾಲೆಂಡರು ನೇತುಹಾಕಿತ್ತು. ಅದನ್ನು ನೋಡಿ ಅಡುಗೆ ಮಾಡುವುದು ಸೊಸೆಯ ಕೆಲಸ. ಚತುರ್ದಶಿಯ ದಿನ ಅವ್ವ ಬಸದಿಗೆ ಹೋಗಿ ಬಂದು ತಾಟಿನ ಮುಂದೆ ಕೂತರೆ, ರೊಟ್ಟಿಯ ಪಕ್ಕ ಘಮಘಮ ಮೆಂತೆ ಪಲ್ಯ. ಅವ್ವ ತಾಟು ಸರಿಸಿದಳು.

"ಏಳನೇತ್ತಾ ಕಲ್ತಾಳ ಅಂತ ಹೇಳಿ ಕೊಟ್ರು. ಗ್ವಾಡಿಮ್ಯಾಲಿನ ತಿಥಿ ಓದಾಕ ಬರೂದಿಲ್ಲ ಈಕಿಗಿ. ಅಡಾಣಿ ಅದಾಳ."

ಓದು ಬಾರದವರನ್ನು ನಮ್ಮಲ್ಲಿ ಅಡಾಣಿ ಅನ್ನುತ್ತಾರೆ. ನಿಪ್ಪಾಣಿಯಲ್ಲಿ ವರ್ಗಕ್ಕೆ ಮೊದಲಿಗಳಾದವಳು ಇಲ್ಲಿಗೆ ಬಂದು ಒಂದು ಪಲ್ಯದಿಂದ ಅಡಾಣಿಯಾದಳು. ವೈನಿ ಆ ದಿನ ಹಿತ್ತಲಲ್ಲಿ ಕೂತು ಅತ್ತದ್ದನ್ನು ನಾನು ನೋಡಿದ್ದೇನೆ. ಆಮೇಲೆ ಮುಖ ತೊಳೆದುಕೊಂಡು ನನ್ನ ಹತ್ತಿರ ಬಂದು, "ಭಾವಜಿ, ನಿಮ್ಮ ಪುಸ್ತಕ ತರ್ರಿ, ನನಗ ಅಕ್ಷರ ಕಲಸ್ರಿ" ಎಂದರು.

ಪುಸ್ತಕ ತಂದೆ. ಅವರು ಒಂದು ಅಕ್ಷರದ ಮೇಲೆ ಬೆರಳಿಟ್ಟು ಇದ್ಯಾವುದು ಎಂದು ಕೇಳಿದರು. ನಾನು ಪಾಠ ಮೊದಲಿಂದ ಹೇಳತೊಡಗಿದೆ. "ಅದಲ್ಲರಿ, ಇದೊಂದ ಅಕ್ಷರ ಹೇಳ್ರಿ" ಎಂದರು. ನಾನು ಮತ್ತೆ ಮೊದಲಿಂದ ಹೇಳಿದೆ. ಅವರು ಪುಸ್ತಕ ಮುಚ್ಚಿ ನನ್ನ ಮುಖ ನೋಡಿದರು. ಬೈಯಲಿಲ್ಲ, ಯಾರಿಗೂ ಹೇಳಲೂ ಇಲ್ಲ. "ಹಂಗಾರ ಕೂಡೇ ಕಲಿಯೂಣು" ಎಂದರು.

ಹೀಗೆ ಶುರುವಾಯಿತು. ಅಣ್ಣನಿಂದ ದಿನಕ್ಕೆರಡು ಅಕ್ಷರ ಕೇಳಿಕೊಂಡು ಬಂದು ವೈನಿ ನಾದಿದ ಹಿಟ್ಟಿನಲ್ಲಿ ಅದನ್ನು ಮಾಡಿ ಪಾತ್ರೆಯ ಮುಚ್ಚಳದ ಮೇಲೆ ಇಡುತ್ತಿದ್ದರು. ಜೋಳದ ಹಿಟ್ಟಿನ ಅಕ್ಷರ ಮುರಿಯುತ್ತಿತ್ತು; ಕನ್ನಡಕ್ಕೆ ಗೋಧಿ ಹಿಟ್ಟೇ ಸರಿ ಎಂದು ತೀರ್ಮಾನವಾಯಿತು. ಸರಿಯಾಗಿ ಓದಿದರೆ ಅಕ್ಷರವನ್ನು ಬೇಯಿಸಿ ನನಗೇ ತಿನ್ನಲು ಕೊಡುತ್ತಿದ್ದರು. ಆಮೇಲೆ ಬೋರ್ಡುಗಳು. ಎಲ್ಲಿಗೆ ಹೋದರೂ ನಾವಿಬ್ಬರೂ ಕಂಡ ಬೋರ್ಡುಗಳನ್ನು ದನಿ ತೆಗೆದು ಓದಬೇಕು, ಅದು ನಮ್ಮ ಮನೆಗೆಲಸ. ವೈನಿಗೆ ಅದು ಬಿಟ್ಟುಹೋಯಿತು, ನನಗೆ ಇನ್ನೂ ಬಿಟ್ಟಿಲ್ಲ. ಓದಲು ಬಾರದಿದ್ದ ನಾನು ಈಗ ಚಿಕ್ಕೋಡಿ ಕೋರ್ಟಿನ ಎದುರು ಟೈಪಿಂಗ್ ಅಂಗಡಿ ಇಟ್ಟುಕೊಂಡು ಊರವರ ಅರ್ಜಿಗಳನ್ನೆಲ್ಲ ಬಡಿಯುತ್ತೇನೆ. ನನ್ನ ಕಿವಿ ಹಿಂಡಿದ ಮಾಸ್ತರೂ ಒಮ್ಮೆ ಹೊಲದ ತಂಟೆಯ ಅರ್ಜಿ ಹಿಡಿದುಕೊಂಡು ಬಂದಿದ್ದರು. ಎರಡು ಸಲ ಓದಿ ತೋರಿಸಿದೆ, ಬೆರಳು ಸರಿಯಾದ ಸಾಲಿನಲ್ಲೇ ಇಟ್ಟು.

ನನ್ನ ನಂತರ ಓಣಿಯ ಮಕ್ಕಳು ಬರತೊಡಗಿದರು. ಹೊತ್ತು ಮುಳುಗುವುದರೊಳಗೆ ನಮ್ಮ ಮನೆಯಲ್ಲಿ ಊಟ ಮುಗಿಯಬೇಕು. ಊರವರು ಒಲೆ ಹೊತ್ತಿಸುವ ಹೊತ್ತಿಗೆ ನಮ್ಮ ಭಾಂಡಿಗಳು ತೊಳೆದು ಬೋರಲಾಗಿರುತ್ತವೆ. ಆ ಖಾಲಿ ಹೊತ್ತೇ ವೈನಿಯ ಶಾಲೆ. ಉಳಿದ ತಾಯಂದಿರಿಗೂ ಅನುಕೂಲ, ಅಡುಗೆಯ ಹೊತ್ತಿನಲ್ಲಿ ಮಕ್ಕಳು ಕಾಲಿಗೆ ತೊಡರುವುದಿಲ್ಲ. ಚುರುಕು ಮಕ್ಕಳು ಬಂದರೆ ವೈನಿ ಚುರುಮುರಿ ಕೊಟ್ಟು ಮನೆಗೆ ಕಳಿಸುತ್ತಿದ್ದರು. ಅವರಿಗೆ ಬೇಕಾದದ್ದು ಹಿಂದಿನ ಸಾಲಿನವರು, ಪುಸ್ತಕ ತೆರೆದರೆ ಮೈ ಬೆವರುವವರು. ಅವರ ಕಲಿಸುವ ರೀತಿಯೂ ವಿಚಿತ್ರ. ಮಗು ಒಂದು ಅಕ್ಷರಕ್ಕೆ ತಡವರಿಸಿ ನಿಂತರೆ ತಾವೂ ತಡವರಿಸುತ್ತಿದ್ದರು. "ತಡೀ, ನನಗೂ ಮರತೈತಿ. ಕೂಡೇ ನೋಡೂಣು." ಅಕ್ಕಾರಿಗೂ ಮರೆಯುತ್ತದೆ ಎಂದು ತಿಳಿದ ಕೂಡಲೇ ಮಗುವಿನ ಬೆನ್ನು ನೆಟ್ಟಗಾಗುತ್ತಿತ್ತು. ಊರಿನ ಮಕ್ಕಳಿಗೆಲ್ಲ ಅವರು ಅಕ್ಕಾರು. ಶಾಲೆಯಲ್ಲಿ ಕಲಿಸುವ ಅಕ್ಕಾರು ಬೇರೆ, ಇವರು ಮನೆಯ ಅಕ್ಕಾರು. ಅವ್ವ ಸಾಯುವ ಮೊದಲು, "ನಮ್ಮ ಸ್ವಸಿ ಭಾಳ ಶಾಣ್ಯಾಕಿ" ಎಂದು ಬಂದವರ ಮುಂದೆ ಹೇಳಿಕೊಳ್ಳುತ್ತಿದ್ದಳು. ಮೆಂತೆ ಪಲ್ಯದ ಸುದ್ದಿ ಯಾರೂ ಎತ್ತುತ್ತಿರಲಿಲ್ಲ.

ಇಷ್ಟೆಲ್ಲ ಹೇಳಿದ್ದು ಕೋಮಲಳ ವಿಷಯಕ್ಕೆ ಬರಲು. ಬರಲು ಮನಸ್ಸಿಲ್ಲದ್ದರಿಂದ ಇಷ್ಟು ಸುತ್ತು ಹಾಕಿದೆ.

ದೀಪಾವಳಿ ಮುಗಿಯುತ್ತಲೇ ನಮ್ಮ ಕಡೆ ಕಬ್ಬಿನ ಹಂಗಾಮು ಶುರುವಾಗುತ್ತದೆ. ಕಬ್ಬು ಕಡಿಯಲು ಗಡಿಯಾಚೆ ದೂರದ ಬೀಡ ಜಿಲ್ಲೆಯ ಕಡೆಯಿಂದ ಕೂಲಿಯವರ ಟೋಳಿಗಳು ಬರುತ್ತವೆ. ಟಾಯರ್ ಗಾಡಿ, ಎತ್ತು, ಕೋಳಿ, ಕೂಸು ಎಲ್ಲ ಸಮೇತ. ಹೊಲದ ಅಂಚಿನಲ್ಲಿ ಗುಡಿಸಲು ಹಾಕಿಕೊಂಡು ಐದಾರು ತಿಂಗಳು ಇರುತ್ತಾರೆ, ಕಾರ್ಖಾನೆ ನಿಂತ ಮೇಲೆ ಹೋಗುತ್ತಾರೆ. ಗಂಡ ಹೆಂಡತಿ ಇಬ್ಬರೂ ಕೂಡಿದರೆ ಅವರ ಲೆಕ್ಕದಲ್ಲಿ ಒಂದು ಕೋಯತಾ, ಅಂದರೆ ಒಂದು ಕುಡಗೋಲು. ಒಬ್ಬರೇ ಇದ್ದರೆ ಅರ್ಧ ಕೋಯತಾ. ಅರ್ಧ ಕೋಯತಾಕ್ಕೆ ಕೆಲಸ ಸಿಗುವುದು ಕಷ್ಟ. ಅದಕ್ಕೇ ಅವರಲ್ಲಿ ಕೆಲವರು ಕೆಲಸಕ್ಕೆ ನಿಂತ ಮಕ್ಕಳಿಗೆ ಬೇಗ ಜೋಡಿ ಮಾಡಿಬಿಡುತ್ತಾರೆ.

ಕೋಮಲ ಮೊದಲ ಸಲ ನಮ್ಮ ಮನೆಗೆ ಬಂದದ್ದು ಮಜ್ಜಿಗೆಗೆ. ಹತ್ತು ವರ್ಷದವಳಿರಬೇಕು, ಟೊಂಕದ ಮೇಲೆ ತಂಗಿಯನ್ನು ಹೊತ್ತಿದ್ದಳು. ಪಡಸಾಲೆಯಲ್ಲಿ ಮಕ್ಕಳು ಓದುತ್ತಿದ್ದರು. ಮಜ್ಜಿಗೆ ಕೊಟ್ಟರೂ ಹೋಗದೆ ಹೊಸ್ತಿಲ ಹೊರಗೆ ನಿಂತಳು. ಮರುದಿನವೂ ಬಂದಳು, ಚರಿಗೆ ತರಲಿಲ್ಲ.

ಅವಳ ತಾಯಿ ಶಾಂತಾಬಾಯಿ ಮೂರನೇ ದಿನ ತಾನೇ ಬಂದು ವೈನಿಯ ಕಾಲು ಮುಟ್ಟಿದಳು. ಅವಳು ಮರಾಠಿಯಲ್ಲಿ ಹೇಳಿದ್ದರ ಸಾರಾಂಶ ಇಷ್ಟು. ಅವರ ಊರಿನ ಶಾಲೆಯಲ್ಲಿ, ಕಬ್ಬಿಗೆ ಹೋಗುವವರ ಮಕ್ಕಳನ್ನು ಹಂಗಾಮು ಮುಗಿಯುವವರೆಗೆ ಊಟ ಹಾಕಿ ಇಟ್ಟುಕೊಳ್ಳುತ್ತಾರೆ. ಕೋಮಲ ಅರ್ಧ ವರ್ಷ ಊರಲ್ಲಿ, ಅರ್ಧ ವರ್ಷ ಕಬ್ಬಿನಲ್ಲಿ ಬೆಳೆದು ಎಲ್ಲದರಲ್ಲೂ ಹಿಂದೆ ಬಿದ್ದಿದ್ದಾಳೆ. ಒಂದು ಪಾಠ ತಾನಾಗಿ ಓದಿ ತೋರಿಸಿದರೆ ವರ್ಗಕ್ಕೆ ಹಾಕಿಕೊಂಡು ಅಲ್ಲೇ ಇಟ್ಟುಕೊಳ್ಳುತ್ತೇನೆ ಎಂದಿದ್ದಾರೆ ಗುರುಜಿ. ಇಲ್ಲದಿದ್ದರೆ ವರ್ಷ ವರ್ಷ ಜೊತೆಗೇ ತರಬೇಕು. ತಂದ ಹುಡುಗಿ ಸುಮ್ಮನೆ ಕೂರುವುದಿಲ್ಲ, ಕೈಗೆ ಕೋಯತಾ ಬರುತ್ತದೆ, ಕೋಯತಾ ಬಂದರೆ ಮದುವೆ ಬರುತ್ತದೆ.

"ಹಿಲಾ ವಾಚಾಯಲಾ ಶಿಕವಾ, ತಾಯಿ" ಎಂದಳು. ಇವಳಿಗೆ ಓದಲು ಕಲಿಸಿ.

"ಕಲಸೂಣು, ಅದರಾಗೇನೈತಿ" ಎಂದರು ವೈನಿ.

ಎರಡು ಹಂಗಾಮು ಕಲಿಸಿದರು. ನಾನು ಇಷ್ಟು ವರ್ಷದಲ್ಲಿ ವೈನಿ ಯಾರಿಗಾಗಿಯೂ ಅಷ್ಟು ಬಡಿದಾಡಿದ್ದನ್ನು ನೋಡಿಲ್ಲ. ಮೊದಲ ಹಂಗಾಮು ಬರೀ ಅಕ್ಷರ ಕೂಡಿಸುವುದರಲ್ಲೇ ಹೋಯಿತು. ಮಳೆಗಾಲದಲ್ಲಿ ಊರಿಗೆ ಹೋಗಿ ಬಂದವಳು ಅರ್ಧ ಮರೆತಿದ್ದಳು. ವೈನಿ ಮತ್ತೆ ಗೋಧಿ ಹಿಟ್ಟು ಹಿಡಿದರು. ಕೋಮಲ ಹಿಟ್ಟಿನ ಅಕ್ಷರ ಬೇಯಿಸಿಕೊಂಡು ತಾನು ತಿನ್ನದೆ ತಂಗಿಗೆ ಒಯ್ಯುತ್ತಿದ್ದಳು. ಕನ್ನಡ ಮಾತನ್ನಂತೂ ನಮ್ಮ ಮಕ್ಕಳ ಜೊತೆ ಆಡುತ್ತಲೇ ಕಲಿತುಬಿಟ್ಟಳು. ಎರಡನೇ ಹಂಗಾಮಿನ ನಡುವೆ ಒಂದು ಸಂಜೆ ಒಂದು ಪುಟವನ್ನು ಮೊದಲಿಂದ ಕೊನೆಯವರೆಗೆ ನಿಲ್ಲದೆ ಓದಿದಳು. ನಾನು ನನ್ನ ಹಳೆಯ ಕಳ್ಳಬುದ್ಧಿಯಿಂದ ಸಂಶಯಪಟ್ಟು ಬೇರೆ ಪುಟ ತೆಗೆದು ನಡುವಿನ ಸಾಲು ತೋರಿಸಿದೆ. ಅದನ್ನೂ ಓದಿದಳು. ವೈನಿ ಒಳಗೆ ಹೋಗಿ, ಹಬ್ಬಕ್ಕೆಂದು ಇಟ್ಟಿದ್ದ ಶೇಂಗಾ ಉಂಡೆಯ ಡಬ್ಬಿ ಪೂರ್ತಿ ತಂದು ಅವಳ ಮಡಿಲಿಗೆ ಸುರಿದರು.

ಆ ವಾರವೇ ಅವಳನ್ನು ಚಿಕ್ಕೋಡಿಗೆ ಕರೆದುಕೊಂಡು ಹೋದೆವು, ಅವಳಿಗೆ ಹೊಸ ಫ್ರಾಕು ಕೊಡಿಸಲು. ಬಸ್‌ಸ್ಟ್ಯಾಂಡಿನಲ್ಲಿ ಒಂದೊಂದು ಬಸ್ಸು ಬಂದಾಗಲೂ ಓಡಿಹೋಗಿ ಬೋರ್ಡು ಓದುತ್ತಿದ್ದಳು. "ಅಥಣಿ. ರಾಯಬಾಗ. ಕಾಗವಾಡ." ಕಂಡಕ್ಟರೊಬ್ಬನು, "ಏ ಹುಡುಗಿ, ನನ್ನ ಕೆಲಸಾ ಕಸಗೋತಿ ಏನ?" ಎಂದು ನಗಾಡಿದ. ನಡುವೆ ಕೊಲ್ಹಾಪುರದ ಕೆಂಪು ಬಸ್ಸೊಂದು ಬಂತು. ಅವಳು ಅದರ ಬೋರ್ಡನ್ನು ನೋಡಿ ಸುಮ್ಮನೆ ನಿಂತಳು. "ಅದ ಆ ಕಡೇದು, ಬಿಡು" ಎಂದರು ವೈನಿ. ಆ ಕಡೆಯ ಬಸ್ಸನ್ನು ನಾವು ಯಾರೂ ಬೋರ್ಡು ನೋಡಿ ಹತ್ತುವುದಿಲ್ಲ, ಬಣ್ಣ ನೋಡಿ ಹತ್ತುತ್ತೇವೆ. ಅಷ್ಟರಲ್ಲಿ ನಮ್ಮ ಬಸ್ಸು ಬಂತು, ಎಲ್ಲರೂ ಸೀಟಿಗೆ ಓಡಿದೆವು.

ಆ ಕ್ಷಣವನ್ನು ನಾನು ಮತ್ತೆ ಮತ್ತೆ ನೆನೆಸಿಕೊಳ್ಳುತ್ತೇನೆ. ಅಲ್ಲಿ ಮೂವರಿದ್ದೆವು. ಮೂವರಿಗೂ ಹೊಳೆಯಲಿಲ್ಲ.

ಹಂಗಾಮು ಮುಗಿದ ದಿನ ಟೋಳಿಯವರು ಕೊನೆಯ ಗಾಡಿಗೆ ಬಲೂನು ಕಟ್ಟಿ, ಎತ್ತುಗಳಿಗೆ ಗುಲಾಲು ಹಚ್ಚಿ, ಡಬ್ಬಿ ಬಾರಿಸುತ್ತ ಹೊರಟರು. ಕೋಮಲ ಗಾಡಿಯ ಮೇಲೆ, ಮೈ ತುಂಬ ಗುಲಾಲು, ಎದೆಗೆ ವೈನಿ ಕೊಟ್ಟ ಕನ್ನಡ ಪುಸ್ತಕ. ಶಾಂತಾಬಾಯಿ ಅಳುತ್ತ ನಗುತ್ತ, "ಇನ್ನು ಈಕೆಯನ್ನು ತರುವುದಿಲ್ಲ ತಾಯಿ" ಎಂದು ಕೈಮುಗಿದಳು. ವೈನಿಗೆ ಅದಕ್ಕಿಂತ ದೊಡ್ಡ ಮಾತು ಬೇಡವಾಗಿತ್ತು. ಮಳೆಗಾಲವೆಲ್ಲ ಅವರು ಅವಳ ಸುದ್ದಿಗೆ ಕಾದರು. ಟೋಳಿಯನ್ನು ಕರೆತರುವ ಮುಕಾದಮನ ಫೋನು ಹತ್ತಲಿಲ್ಲ. ಸುದ್ದಿ ಇಲ್ಲದಿದ್ದರೆ ಚಲೋ ಸುದ್ದಿ ಎಂದು ನಾವೇ ಸಮಾಧಾನ ಹೇಳಿಕೊಂಡೆವು.

ಈ ವರ್ಷ ಟೋಳಿ ಬಂದಿತು. ಪ್ರತಿ ವರ್ಷ ಮೊದಲ ದಿನವೇ ಮಜ್ಜಿಗೆ ಕೊಡ ಹೊತ್ತು ಹೊಲಕ್ಕೆ ಹೋಗುತ್ತಿದ್ದ ವೈನಿ ಈ ಸಲ ಹೊರಡಲಿಲ್ಲ. "ಭಾವಜಿ, ನೀವು ಹೋಗಿ ನೋಡಿ ಬರ್ರಿ. ಆಕಿ ಬಂದಿರಬಾರದು ನೋಡ್ರಿ" ಎಂದರು.

ಹೋದೆ. ಕಬ್ಬಿನ ಸಾಲಿನ ನಡುವೆ ಒಬ್ಬ ಹುಡುಗಿ ಬಗ್ಗಿ ಕಡಿಯುತ್ತಿದ್ದಳು. ಎತ್ತರವಾಗಿದ್ದಳು, ಗುರುತು ಹತ್ತಲಿಲ್ಲ. ಅವಳೇ ಬೆನ್ನು ನೆಟ್ಟಗೆ ಮಾಡಿ, "ಕಾಕಾ, ಆರಾಮ ಅದೀರಿ? ಅಕ್ಕಾರು ಆರಾಮ?" ಎಂದು ಕೇಳಿದಳು. ಕೈಯಲ್ಲಿ ಕೋಯತಾ ಇತ್ತು. ನಾನು ಆರಾಮ ಎಂದು ಹೇಳಿ ತಿರುಗಿ ಬಂದೆ. ಮನೆಯಲ್ಲಿ ನಾನು ಬಾಯಿ ತೆರೆಯಬೇಕಾಗಲಿಲ್ಲ, ವೈನಿ ನನ್ನ ಮುಖ ನೋಡಿ ಒಳಗೆ ಹೋದರು.

ಸಂಜೆ ಕೋಮಲ ತಾನೇ ಬಂದಳು, ತಂಗಿಯ ಕೈ ಹಿಡಿದುಕೊಂಡು. ಹಿಂದೆ ಶಾಂತಾಬಾಯಿ. ಕೋಮಲ ಗೋಡೆಗೆ ಒರಗಿ ಕೂತು ನಡೆದದ್ದನ್ನು ಹೇಳಿದಳು, ಬೇರೆ ಯಾರದೋ ಕತೆ ಎಂಬಂತೆ.

"ಗುರುಜಿ ಪುಸ್ತಕಾ ತಗದ ಕೊಟ್ರು. ಒಂದೂ ಅಕ್ಷರ ಗುರ್ತ ಹತ್ತಲಿಲ್ರಿ. ನಾ ಮದಲ ತಿಳಕೊಂಡಿದ್ದೆ, ನೀವು ಕಲಸೂವು ಸಣ್ಣ ಹುಡುಗೂರ ಅಕ್ಷರ, ಗುರುಜೀವು ದೊಡ್ಡ ಹುಡುಗೂರವು, ಇವು ಬಂದ್ರ ಅವು ಬರತಾವು ಅಂತ. ನಿಮ್ಮ ಪುಸ್ತಕಾ ತೋರಿಸಿ ಓದಿದೆ. ಗುರುಜಿ ಕೇಳಿದ್ರು, ಆದ್ರ ಅವರಿಗಿ ಅದ ತಿಳೀಲಿಲ್ಲ. ಹುಡುಗೂರೆಲ್ಲಾ ನಕ್ರು." ತಾನೂ ನಕ್ಕಳು. "ಅಲ್ಲಿ ನಾ ಅಡಾಣಿ, ಅಕ್ಕಾರ. ಇಲ್ಲಿ ಬಂದ್ರ ಶಾಣ್ಯಾಕಿ."

ವೈನಿಗೆ ಮರಾಠಿ ಅಕ್ಷರ ಬಾರದೇ ಇದ್ದಿದ್ದರೆ ನಾವು ಯಾರನ್ನಾದರೂ ದೂರಬಹುದಿತ್ತು. ಏಳು ವರ್ಷ ಬರೆದ ಕೈ ಅದು. ಅದೇ ಎರಡು ಹಂಗಾಮಿನಲ್ಲಿ ಆ ಗುರುಜಿಯ ಪುಸ್ತಕವನ್ನೇ ಕಲಿಸಬಹುದಿತ್ತು. ಆದರೆ ಓದು ಎಂದ ಕೂಡಲೇ ವೈನಿಗೆ ನೆನಪಾಗುವುದು ಈ ಊರಿನ ಓದು, ತಾವು ಹಿತ್ತಲಲ್ಲಿ ಅತ್ತು ಕಲಿತ ಓದು. ತಮ್ಮಲ್ಲಿದ್ದ ಅತಿ ಕಷ್ಟದ್ದನ್ನು, ಅತಿ ದೊಡ್ಡದನ್ನು ಅವರು ಆ ಹುಡುಗಿಗೆ ಕೊಟ್ಟರು. ಎರಡೂ ಭಾಷೆ ಒಂದೇ ಬಾಯಲ್ಲಿ ಆಡುವ ನಮಗೆ, ಅಕ್ಷರಕ್ಕೂ ಒಂದು ಊರಿರುತ್ತದೆ ಎನ್ನುವುದು ಮರೆತೇ ಹೋಗಿತ್ತು. ನಮ್ಮ ಊರಿನ ಮಾಸ್ತರೂ ಅವಳ ಓದು ಕೇಳಿ ಶಾಬಾಸ್ ಅಂದಿದ್ದರು.

"ಸುಪಾರಿ ಒಡದಾರ್ರಿ" ಎಂದು ಕೋಮಲ ಕೈಯ ಹಸಿರು ಬಳೆ ತಿರುಗಿಸುತ್ತ ಹೇಳಿದಳು. ಅಂದರೆ ನಂಟಸ್ತನ ಗಟ್ಟಿಯಾಗಿದೆ, ಬೇಸಿಗೆಯಲ್ಲಿ ಮದುವೆ. ವೈನಿ ಆಗ ಶಾಂತಾಬಾಯಿಯ ಮೇಲೆ ಹರಿಹಾಯ್ದರು. ಇನ್ನೂ ಹದಿಮೂರು ತುಂಬಿಲ್ಲ, ಕಾಯದೆ ಇದೆ, ನಾನು ಪೊಲೀಸರ ಹತ್ತಿರ ಹೋಗುತ್ತೇನೆ ಎಂದೆಲ್ಲ ಕೂಗಾಡಿದರು. ಶಾಂತಾಬಾಯಿ ತಲೆ ತಗ್ಗಿಸಿ ಎಲ್ಲ ಕೇಳಿದಳು. ಕೊನೆಗೆ, ಮಗಳಿಗೆ ಓದು ಬಂದಿದ್ದರೆ ನಾನು ಯಾಕೆ ತರುತ್ತಿದ್ದೆ ತಾಯಿ, ಎಂದು ಮೆಲ್ಲಗೆ ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಮದುವಿ ನಾ ಆಗಗೊಡೂದಿಲ್ಲ" ಎಂದರು ವೈನಿ. "ಈ ಹಂಗಾಮದಾಗ ನಿನಗ ಆ ಅಕ್ಷರಾನೂ ಕಲಸತೇನಿ, ಕೋಮಲ. ಎರಡ ತಿಂಗಳ ಸಾಕು."

"ಇನ್ನ ಆಗೂದಿಲ್ರಿ ಅಕ್ಕಾರ. ನಸುಕಿನ್ಯಾಗ ಏಳಬೇಕ. ಸಂಜಿಗಿ ಕಣ್ಣ ಮುಚ್ಚತಾವು." ತಂಗಿಯನ್ನು ಮುಂದೆ ತಳ್ಳಿದಳು. "ಈ ಪೂಜಾಗ ಕಲಸ್ರಿ. ಆದ್ರ ಮದಲ ಕೇಳಕೋರಿ, ಯಾವ ಅಕ್ಷರ ಬೇಕಂತ."

ವೈನಿ ಕಣ್ಣು ಒರೆಸಿಕೊಂಡು ಆ ಕೂಸಿನ ಎದುರು ಕೂತರು. ಕೇಳಿಯೂ ಕೇಳಿದರು, ಮರಾಠಿಯಲ್ಲೇ, ಒಂದೊಂದೇ ಮಾತು ಬಿಡಿಸಿ: ಪೂಜಾ, ನಿನಗೆ ಯಾವ ಅಕ್ಷರ ಕಲಿಸಲಿ?

ಪೂಜಾ ತಿರುಗಿ ಅಕ್ಕನನ್ನು ನೋಡಿದಳು. ಕೋಮಲ ಗೋಡೆಗೆ ಒರಗಿ ಕೂತಲ್ಲೇ ನಿದ್ದೆಹೋಗಿದ್ದಳು. ಅವಳು ಏಳದಂತೆ ದನಿ ಸಣ್ಣದು ಮಾಡಿ ಪೂಜಾ ಹೇಳಿದಳು, ಅಕ್ಕನಿಗೆ ಬರುತ್ತವಲ್ಲ, ಅವೇ ಬೇಕು ಎಂದು.